ನಾನು ನೇರ ಮಾಡಿದ ಬೆರಳುಗಳು

ನನ್ನ ಗಂಡನ ಎಡಗೈಯಲ್ಲಿ ಉಳಿದಿದ್ದ ಹಿಡಿತವನ್ನು ಕಳೆದವಳು ನಾನು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿಕೊಂಡು, ದಿನಾ ಬೆಳಿಗ್ಗೆ ಅವರ ಸ್ನಾನವಾದ ಮೇಲೆ ಅರ್ಧ ತಾಸು ಪಕ್ಕದಲ್ಲಿ ಕೂತು, ಒಂದು ದಿನವೂ ಬೇಸರಪಡದೆ ಅದನ್ನು ಕಳೆದೆ. ಈಗ ಅವರ ಎದೆಯ ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ಗಾತ್ರದ ಯಂತ್ರವೊಂದಿದೆ. ಅದರಿಂದ ಹೊರಟ ತಂತಿಗಳು ಚರ್ಮದೊಳಗೇ ತೋಳಿಗೆ ಇಳಿದು, ಮೊಳಕೈ ಕೆಳಗಿನ ಸ್ನಾಯುಗಳಿಗೆ ಸಣ್ಣಗೆ ಕರೆಂಟು ಕೊಟ್ಟು ಬೆರಳುಗಳನ್ನು ಮಡಚಿಸುತ್ತವೆ. ನೋಡಲು ಬಂದವರು ಮೊದಲು ಯಂತ್ರವನ್ನು ಹೊಗಳುತ್ತಾರೆ, ಆಮೇಲೆ ನನ್ನ ಸೇವೆಯನ್ನು ಹೊಗಳುತ್ತಾರೆ. ಎರಡನೆಯದು ಶುರುವಾದಾಗ ನಾನು ಏನಾದರೂ ನೆಪ ತೆಗೆದು ಅಡುಗೆಮನೆಗೆ ಹೋಗುತ್ತೇನೆ.

ಅವರು ಬಿದ್ದದ್ದು ಕಂಪ್ಲಿಯ ನಮ್ಮ ಅಕ್ಕಿ ಗಿರಣಿಯಲ್ಲಿ, ಭತ್ತದ ಚೀಲಗಳ ಒಟ್ಟಿಲ ಮೇಲಿಂದ. ಮೇಲಿನ ಸಾಲಿನ ಚೀಲಕ್ಕೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆದು, ಅಂಗೈಯಲ್ಲಿ ಕಾಳು ಉಜ್ಜಿ ಊದಿ ನೋಡುತ್ತಲೇ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರಂತೆ. ಹಿಂದೆ ಚೀಲ ಇರಲಿಲ್ಲ. ಕುತ್ತಿಗೆಯ ಹತ್ತಿರ ಬೆನ್ನುಹುರಿ ನಜ್ಜಿಹೋಯಿತು. ಕಾಲುಗಳು ಹೋದವು. ಬಲಗೈಯಲ್ಲಿ ಮೊಳಕೈ ಮಡಚುವಷ್ಟು ಮಾತ್ರ ಉಳಿಯಿತು. ಎಡಗೈ ಸ್ವಲ್ಪ ಮೇಲು, ಮಣಿಕಟ್ಟನ್ನು ಹಿಂದಕ್ಕೆ ಎತ್ತಲು ಬರುತ್ತಿತ್ತು. ಬೆರಳುಗಳು ಮಾತ್ರ ಯಾವ ಕೈಯಲ್ಲೂ ಅವರ ಮಾತು ಕೇಳುತ್ತಿರಲಿಲ್ಲ.

ಹೊಸಪೇಟೆಯ ಮನೆಗೆ ಕರೆತಂದ ಮೇಲೆ ಫಿಸಿಯೋಥೆರಪಿಯ ಹುಡುಗಿಯೊಬ್ಬಳು ವಾರಕ್ಕೆ ಎರಡು ದಿನ ಸ್ಕೂಟರಿನಲ್ಲಿ ಬರುತ್ತಿದ್ದಳು. ಹೆಲ್ಮೆಟ್ಟನ್ನು ಯಾವಾಗಲೂ ಟಿ.ವಿ. ಮೇಲೆ ಇಡುತ್ತಿದ್ದಳು, ಅದು ಯಾವಾಗಲೂ ಜಾರಿ ಬೀಳುತ್ತಿತ್ತು. ಎಡಗೈಯ ಗುಟ್ಟನ್ನು ನಮಗೆ ತೋರಿಸಿಕೊಟ್ಟವಳು ಅವಳೇ.

"ಅಂಕಲ್, ಮಣಿಕಟ್ಟು ಎತ್ರಿ. ನೋಡ್ರಿ, ಬೆರಳು ತಾವಾಗೇ ಮಡಚಿದ್ವು. ಈಗ ಇಳಸ್ರಿ. ಬಿಚ್ಚಿದ್ವು."

ಬೆರಳಿನ ನರಗಳಿಗೆ ಜೀವ ಬಂದದ್ದಲ್ಲ ಅದು. ಉದ್ದಕ್ಕೆ ಹೋಗುವ ಸ್ನಾಯುರಜ್ಜುಗಳು ಸ್ವಲ್ಪ ಬಿಗಿಯಾಗಿದ್ದರೆ, ಮಣಿಕಟ್ಟು ಹಿಂದಕ್ಕೆ ಬಾಗಿದಾಗ ಅವು ಎಳೆದುಕೊಂಡು ಬೆರಳು ಮಡಚುತ್ತವೆ, ಜಗ್ಗಿದ ದಾರಕ್ಕೆ ಚೀಲದ ಬಾಯಿ ಮುಚ್ಚುವ ಹಾಗೆ. ಆ ಬಿಗಿತವೇ ಹಿಡಿತ. ಎರಡು ತಿಂಗಳ ಅಭ್ಯಾಸದಲ್ಲಿ ಅವರು ಖಡಕ್ ರೊಟ್ಟಿಯ ಚೂರೊಂದನ್ನು ಎತ್ತಿ ಬಾಯಿಗೆ ಇಟ್ಟುಕೊಂಡರು. ಅತ್ತೆ ಅದನ್ನು ನೋಡಿ, "ನಲವತ್ತೇಳು ವರ್ಸಕ್ಕ ನನ್ ಮಗ ತಾನಾ ಉಣ್ಣಾದು ಕಲ್ತ" ಎಂದರು. "ಪಲ್ಯ ಇನ್ನಾ ಹಚ್ಚಿಲ್ಲಬೇ, ಬರೇ ರೊಟ್ಟಿ. ಹೊಗಳಾದು ನಿಂದರಸು" ಎಂದರು ಇವರು. ಆ ದಿನ ಊಟಕ್ಕೆ ಒಂದು ತಾಸು ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ.

ಹುಡುಗಿ ಎರಡು ಪುಟದ ಕಾಗದವೊಂದನ್ನು ಕೊಟ್ಟು ಹೋಗಿದ್ದಳು, ಇಂಗ್ಲಿಷಿನಲ್ಲಿ ಟೈಪು ಮಾಡಿದ್ದು. ಆ ಮನೆಯಲ್ಲಿ ಇಂಗ್ಲಿಷನ್ನು ಸಲೀಸಾಗಿ ಓದುವವಳು ನಾನೊಬ್ಬಳೇ. ಅಪ್ಪ ಸಂಡೂರಿನ ಹತ್ತಿರ ಗಣಿಯ ಆಫೀಸಿನಲ್ಲಿದ್ದರು, ನನ್ನನ್ನು ಕಾನ್ವೆಂಟಿಗೆ ಹಾಕಿದ್ದರು. ಮದುವೆಯಾಗಿ ಬಂದಾಗಿನಿಂದ ಔಷಧಿ ಚೀಟಿ, ಬ್ಯಾಂಕಿನ ಪತ್ರ, ಮಿಕ್ಸಿಯ ಗ್ಯಾರಂಟಿ ಕಾರ್ಡು ಎಲ್ಲ ನನ್ನ ಕೈಗೇ ಬರುತ್ತಿದ್ದವು. ಈ ಕಾಗದವನ್ನೂ ಊಟದ ಮೇಜಿನ ಮೇಲಿಟ್ಟು ಇಬ್ಬರಿಗೂ ಕನ್ನಡದಲ್ಲಿ ಹೇಳಿದೆ. ಹುಣ್ಣಾಗದಂತೆ ಮಗ್ಗಲು ಬದಲಿಸಬೇಕು. ಭುಜ ದಿನಕ್ಕೆ ಎರಡು ಸಲ ತಿರುಗಿಸಬೇಕು. ಬೆರಳು ಬಿಡಿಸುವಾಗ ಮಣಿಕಟ್ಟು ಕೆಳಗೆ ಬಾಗಿರಬೇಕು. ಮಣಿಕಟ್ಟು ಹಿಂದಕ್ಕೆ ಬಾಗಿದಾಗ ಬೆರಳನ್ನು ಎಂದಿಗೂ ನೇರ ಮಾಡಬಾರದು. ಈ ಕೊನೆಯ ವಾಕ್ಯದ ಕೆಳಗೆ ಹುಡುಗಿ ಪೆನ್ನಿನಿಂದ ಎರಡು ಗೆರೆ ಎಳೆದಿದ್ದಳು.

ಆ ವಾಕ್ಯವನ್ನು ನಾನು ಅವರಿಗೆ ಹೇಳಲಿಲ್ಲ.

ಯಾಕೆಂದರೆ ಅದಕ್ಕೆ ಎರಡು ದಿನ ಮೊದಲು ಇವರು ಒಂದು ಮಾತು ಆಡಿದ್ದರು. ನಮ್ಮ ಮನೆಯಲ್ಲಿ ಸ್ನಾನವಾದ ಮೇಲೆ ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯ ಮೇಲಿಟ್ಟು, ಕಣ್ಣೆದುರು ಹಿಡಿದು ಪೂಜೆ ಮಾಡಿದ ಮೇಲೆಯೇ ಬಾಯಿಗೆ ನೀರು. ಒಬ್ಬರ ಲಿಂಗವನ್ನು ಇನ್ನೊಬ್ಬರು ಅಂಗೈಯಲ್ಲಿಟ್ಟು ಪೂಜಿಸುವ ರೂಢಿ ನಮ್ಮಲ್ಲಿಲ್ಲ. ಬಿದ್ದಾಗಿನಿಂದ ಅವರ ಲಿಂಗ ಕರಡಿಗೆ ಬಿಟ್ಟು ಹೊರಗೆ ಬಂದಿರಲಿಲ್ಲ. "ಕೊರಳಾಗ ಐತಲ್ಲಪ್ಪ, ಅಷ್ಟಾ ಸಾಕು. ಮನಸಿನ್ಯಾಗ ಮಾಡು" ಎಂದು ಅತ್ತೆ ಸಮಾಧಾನ ಹೇಳಿದರು.

"ಮನಸಿನ್ಯಾಗ ಊಟಾನೂ ಮಾಡಬೌದು. ನಾಳಿಂದ ಹಾಕಬ್ಯಾಡ ಹಂಗಾರ" ಎಂದರು ಇವರು.

ಅತ್ತೆ ನಕ್ಕರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಹಿತ್ತಲಿಗೆ ಹೋದರು. ಮಾರನೆಯ ದಿನ ನಾನೇ ಅವರ ಕೈಯನ್ನು ತೊಡೆಯ ಮೇಲೆ ದಿಂಬಿಟ್ಟು ಎತ್ತಿ, ಅಂಗೈ ಮೇಲೆ ಮಾಡಿ, ಲಿಂಗ ಇಟ್ಟು ನೋಡಿದೆ. ಅಂಗೈ ಸಮವಾಗಲಿ ಎಂದು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿದರೆ ಬೆರಳುಗಳು ಮಡಚಿ ಲಿಂಗವನ್ನು ಮುಚ್ಚಿಬಿಡುತ್ತಿದ್ದವು. ಮಣಿಕಟ್ಟು ಬಿಟ್ಟರೆ ಅದು ಉರುಳಿ ಹಾಸಿಗೆಗೆ ಬೀಳುತ್ತಿತ್ತು. ಎರಡು ಸಲ ಬಿತ್ತು. ಅವರು ಕಣ್ಣು ಮುಚ್ಚಿಕೊಂಡು, "ಬಿಡು" ಎಂದರು.

ನಾನು ಬಿಡಲಿಲ್ಲ. ಹೊಸ ಚಪಾತಿ ಮಣೆಯೊಂದನ್ನು ತಂದು ಅದಕ್ಕೆ ಹಳೆಯ ಪಂಚೆಯ ಬಟ್ಟೆ ಸುತ್ತಿದೆ. ಅವರ ಎಡಗೈಯನ್ನು ಅದರ ಮೇಲೆ ಒತ್ತಿ, ಮಣಿಕಟ್ಟು ಹಿಂದಕ್ಕೆ ಇಟ್ಟು, ಒಂದೊಂದೇ ಬೆರಳನ್ನು ಎಣ್ಣೆ ಹಚ್ಚಿ ನೀವಿ ನೇರ ಮಾಡಿ, ನೂರು ಎಣಿಸುವ ತನಕ ಹಿಡಿದಿರುತ್ತಿದ್ದೆ. ಕಾಗದ ಯಾವುದನ್ನು ಬೇಡ ಎಂದಿತ್ತೋ ಸರಿಯಾಗಿ ಅದನ್ನೇ. ಸ್ವಲ್ಪ ಮಾಡಿದರೆ ಏನಾಗುತ್ತದೆ, ಪೂಜೆಗಾಗಿ ತಾನೇ ಎಂದುಕೊಂಡೆ. ಆರು ವಾರದಲ್ಲಿ ಅಂಗೈ ಬಾಳೆ ಎಲೆಯಂತೆ ಬಿಚ್ಚಿಕೊಂಡಿತು. ಲಿಂಗ ಅಲುಗದೆ ಕೂತಿತು. ಇವರು ಎಷ್ಟೋ ಹೊತ್ತು ಅದನ್ನು ನೋಡುತ್ತಾ ಕೂತರು. ಅತ್ತೆ ಬಾಗಿಲಲ್ಲಿ ನಿಂತು ನನ್ನ ಕಡೆ ಕೈ ಮುಗಿದರು. ಸೊಸೆಗೆ ಅತ್ತೆ ಕೈ ಮುಗಿಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಥೆರಪಿಯ ಹುಡುಗಿ, "ಕಾಗದದಾಗ ಇದ್ದಂಗ ಮಾಡಸ್ತೀರಲ್ಲ ಆಂಟಿ?" ಎಂದು ಕೇಳಿದಾಗ, "ಮಾಡಸ್ತೀನಮ್ಮ" ಎಂದೆ. ಸ್ವಲ್ಪ ದಿನಕ್ಕೆ ಅವಳು ಮದುವೆಯಾಗಿ ಊರು ಬಿಟ್ಟಳು. ಅವಳು ಹೋದಾಗ ನನಗೆ ಒಳಗೊಳಗೇ ಹಗುರವಾದದ್ದನ್ನೂ ಇಲ್ಲಿ ಬರೆಯಲೇಬೇಕು.

ರೊಟ್ಟಿಯ ಚೂರು ಮೊದಲು ಜಾರಿದ್ದು ಒಂದು ಮಧ್ಯಾಹ್ನ. ಮಣಿಕಟ್ಟು ಎತ್ತಿದರು, ಬೆರಳುಗಳು ಅರ್ಧ ಮಡಚಿ ನಿಂತವು. ಮತ್ತೆ ಎತ್ತಿದರು. ರೊಟ್ಟಿ ತಟ್ಟೆಯಲ್ಲೇ ಉಳಿಯಿತು. "ಇವತ್ತ್ಯಾಕೋ ಮೈ ನೆಟ್ಟಗಿಲ್ಲ" ಎಂದರು. ನಾನು ಪಕ್ಕದಲ್ಲಿ ಕೂತು ತಿನ್ನಿಸಿದೆ. ಹದಿನೈದು ದಿನಕ್ಕೆ ಕರವಸ್ತ್ರವೂ ನಿಲ್ಲದಾಯಿತು. ಬೆರಳುಗಳು ನೆನೆದ ಅವಲಕ್ಕಿಯಂತೆ ಮೆತ್ತಗಾಗಿದ್ದವು.

"ನರ ಒಣಗಾಕತ್ತೇತಿ ಅಂತ ಕಾಣ್ತದ," ಎಂದರು ಇವರು, ಕೈಯನ್ನು ನೋಡದೆ. "ಇದ್ದದ್ದಾ ಸೊಲ್ಪ, ಅದೂ ಹೋತು."

ಆ ದಿನ ಅಡುಗೆಮನೆಯಲ್ಲಿ ಬೇಳೆ ಡಬ್ಬಿಯ ಕೆಳಗಿಂದ ಕಾಗದ ತೆಗೆದು ಮತ್ತೆ ಓದಿದೆ. ಗೆರೆ ಎಳೆದ ವಾಕ್ಯದ ಪಕ್ಕದಲ್ಲೇ ಕಾರಣವೂ ಇತ್ತು: ಒಮ್ಮೆ ಜಗ್ಗಿ ಸಡಿಲವಾದರೆ ಆ ಹಿಡಿತ ಮರಳುವುದು ಕಷ್ಟ. ಮೊದಲ ಸಲ ಓದುವಾಗಲೂ ಅದು ಅಲ್ಲೇ ಇತ್ತು. ಅಂದಿನಿಂದ ಮಣೆ ಒತ್ತುವುದನ್ನು ನಿಲ್ಲಿಸಿದೆ. ಮಧ್ಯಾಹ್ನ ಬೆರಳುಗಳನ್ನು ಮಡಚಿ ಕ್ರೇಪ್ ಬ್ಯಾಂಡೇಜು ಸುತ್ತತೊಡಗಿದೆ. ಬಾವು ಇಳಿಯಲಿ ಅಂತ, ಎಂದು ಇನ್ನೊಂದು ಸುಳ್ಳು ಹೇಳಿದೆ. ಪೂಜೆ ನಡೆಯುತ್ತಲೇ ಇತ್ತು, ಬಿಚ್ಚಿದ ಅಂಗೈ ಬಿಚ್ಚಿಯೇ ಇತ್ತು. ಹಿಡಿತ ಬರಲಿಲ್ಲ.

ಹೀಗೆ ಒಂದೂವರೆ ವರ್ಷ ಕಳೆಯಿತು. ಆಗ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ, ಕುತ್ತಿಗೆಗೆ ಪೆಟ್ಟಾಗಿ ಕೈ ಹೋದ ಕೆಲವರಿಗೆ ಒಳಗೆ ಕರೆಂಟಿನ ಯಂತ್ರ ಕೂರಿಸಿ ನೋಡುತ್ತಿದ್ದಾರೆಂದು ಕಂಪ್ಲಿಯ ನಮ್ಮ ಡಾಕ್ಟರು ಹೇಳಿದರು. ವ್ಯಾನು ಮಾಡಿಕೊಂಡು ಹೋದೆವು. ಮರಿಯಮ್ಮನಹಳ್ಳಿ ದಾಟುವ ತನಕ ಅದಿರು ಲಾರಿಗಳ ಹಿಂದೆಯೇ ಹೋಗಬೇಕಾಯಿತು. ಇವರು ಕಿಟಕಿಯಿಂದ ಲಾರಿಗಳನ್ನು ಎಣಿಸುತ್ತಾ, "ಮಿಷಿನ್ ಹಾಕಿದ ಮ್ಯಾಲ ನಾನಾ ಓಡಸ್ತೀನಿ, ನೀ ಕ್ಲೀನರು" ಎಂದರು. ತುಂಬಾ ದಿನದ ಮೇಲೆ ಅವರ ಬಾಯಲ್ಲಿ ಹಾಸ್ಯ ಕೇಳಿದ್ದೆ. ನನಗೆ ನಗಲು ಬರಲಿಲ್ಲ.

ಡಾಕ್ಟರು ನಡುವಯಸ್ಸಿನವರು, ಮೈಸೂರಿನ ಕಡೆಯ ಮೆಲುಮಾತು. ಮೊದಲು ಚರ್ಮದ ಮೇಲೆಯೇ ಅಂಟುಬಿಲ್ಲೆಗಳನ್ನು ಹಚ್ಚಿ ಕರೆಂಟು ಕೊಟ್ಟು ಪರೀಕ್ಷೆ ಮಾಡಿದರು. ಎಡಗೈಯ ನಾಲ್ಕು ಬೆರಳುಗಳು ನಿಧಾನವಾಗಿ, ಯಾರೋ ಒಳಗಿನಿಂದ ಎಳೆದ ಹಾಗೆ ಮಡಚಿಕೊಂಡವು. ಇವರು ಉಸಿರು ಬಿಡದೆ ನೋಡಿದರು. "ಇನ್ನೊಮ್ಮೆ ಮಾಡ್ರಿ ಸರ್" ಎಂದರು. ಇನ್ನೊಮ್ಮೆ ಮಾಡಿದರು. ನಂತರ ಡಾಕ್ಟರು ಒಂದೊಂದು ಗೆಣ್ಣನ್ನೂ ಆಡಿಸಿ ನೋಡಿ ನನ್ನ ಕಡೆ ತಿರುಗಿದರು.

"ಕೀಲುಗಳು ತುಂಬಾ ಮೃದುವಾಗಿವೆ. ಎಷ್ಟೋ ಜನರಿಗೆ ಈ ಹೊತ್ತಿಗೆ ಸೆಟೆದುಹೋಗಿರುತ್ತೆ, ಯಂತ್ರ ಹಾಕೋಕೇ ಆಗಲ್ಲ. ನೀವು ಚೆನ್ನಾಗಿ ನೋಡ್ಕೊಂಡಿದ್ದೀರಿ."

"ದಿನಾ ಎಣ್ಣಿ ಹಚ್ಚಿ ತಿಕ್ಯಾಳ್ರಿ," ಎಂದರು ಇವರು. ಆ ದನಿಯಲ್ಲಿದ್ದ ಹೆಮ್ಮೆಯನ್ನು ನನಗೆ ತಡೆಯಲಾಗಲಿಲ್ಲ. ನಾನು ಕುರ್ಚಿಯ ಕೈಗೆ ಅಂಟಿದ್ದ ಹಳೆಯ ಪ್ಲಾಸ್ಟರಿನ ಚೂರನ್ನು ಉಗುರಿನಿಂದ ಕೆರೆಯುತ್ತಿದ್ದೆ.

ಡಾಕ್ಟರು ಬರೆದುಕೊಳ್ಳುತ್ತಾ ಕೇಳಿದರು. "ಈ ಕೈಯಲ್ಲಿ ಮಣಿಕಟ್ಟು ಎತ್ತಿದಾಗ ಸ್ವಲ್ಪ ಹಿಡಿತ ಬರಬೇಕಿತ್ತಲ್ಲ. ಯಾವತ್ತೂ ಇರಲಿಲ್ವಾ?"

"ಇತ್ತು ಸರ್. ರೊಟ್ಟಿ ತಿಂತಿದ್ದೆ. ಐದಾರು ತಿಂಗಳಿಗೆ ತಾನಾ ಹೋತು."

ಅವರ ಪೆನ್ನು ನಿಂತಿತು. ತಾನಾಗಿ ಹೋಗಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ ಎಂದರು. ಪೆಟ್ಟಾದ ಜಾಗದಲ್ಲಿ ಬೆನ್ನುಹುರಿಯೊಳಗೆ ನೀರು ತುಂಬಿ ಗುಳ್ಳೆ ಬೆಳೆಯುವುದುಂಟಂತೆ. ಹಾಗೇನಾದರೂ ಇದ್ದರೆ ಇರುವ ಶಕ್ತಿಯೂ ಹೋಗುತ್ತಾ ಬರುತ್ತದೆ, ಅಂಥವರಿಗೆ ಈಗ ಯಂತ್ರ ಹಾಕುವುದಿಲ್ಲ, ಮೊದಲು ಅದನ್ನು ನೋಡಬೇಕು. "ಈ ಸಲ ನಿಮ್ಮನ್ನು ಸೇರಿಸಿಕೊಳ್ಳೋದು ಕಷ್ಟ ಆಗಬಹುದು" ಎಂದರು.

ಮಡಚಿ ಬಿಚ್ಚಿದ ತಮ್ಮ ಬೆರಳುಗಳ ಮೇಲೆ ಇನ್ನೂ ಬಿದ್ದಿದ್ದ ಅಂಟುಬಿಲ್ಲೆಗಳ ತಂತಿಯನ್ನೇ ಇವರು ನೋಡುತ್ತಿದ್ದರು. ನಾನು ಸುಮ್ಮನಿದ್ದರೆ ಅವರು ಈ ಕೈಯನ್ನು ಎರಡನೆಯ ಸಲ ಕಳೆದುಕೊಳ್ಳುತ್ತಿದ್ದರು. ಹೇಳಿದರೆ, ಮೊದಲ ಸಲ ಕಳೆದವಳು ಯಾರೆಂದು ಅವರೆದುರೇ ಗೊತ್ತಾಗುತ್ತಿತ್ತು.

"ತಾನಾಗಿ ಹೋಗಲಿಲ್ಲ ಡಾಕ್ಟ್ರೇ," ಎಂದೆ. "ನಾನು ಜಗ್ಗಿದೆ. ಮಣಿಕಟ್ಟು ಹಿಂದಕ್ಕಿಟ್ಟು ಬೆರಳು ನೇರ ಮಾಡ್ತಿದ್ದೆ, ದಿನಾ. ಮಾಡಬಾರದು ಅಂತ ಬರೆದು ಕೊಟ್ಟಿದ್ದರು. ಓದಿದ್ದೆ."

ಡಾಕ್ಟರು ನನ್ನನ್ನು ಬೈಯಲಿಲ್ಲ. ಎಷ್ಟು ದಿನ, ಎಷ್ಟು ಹೊತ್ತು, ಮಣಿಕಟ್ಟಿನ ಬಲ ಆಗ ಎಷ್ಟಿತ್ತು, ಈಗ ಎಷ್ಟಿದೆ ಎಂದು ಕೇಳಿ ಬರೆದುಕೊಂಡರು. ಮಣಿಕಟ್ಟಿನ ಬಲ ಕಡಿಮೆಯಾಗಿರಲಿಲ್ಲ. ಚುಚ್ಚಿ ನೋಡಿದರು, ಸ್ಪರ್ಶವೂ ಮೊದಲಿನಷ್ಟೇ ಇತ್ತು. "ಹಾಗಾದ್ರೆ ನೀವು ಹೇಳಿದ್ದು ಸರಿಹೊಂದುತ್ತೆ. ಆದರೂ ಸ್ಕ್ಯಾನ್ ಮಾಡಿಸೋಣ" ಎಂದರು. ಮರುದಿನ ಸ್ಕ್ಯಾನ್ ನೋಡಿ, ಗುಳ್ಳೆ ಇಲ್ಲ, ಸೇರಿಸಿಕೊಳ್ಳುತ್ತೇವೆ ಎಂದರು.

ಅಷ್ಟರವರೆಗೂ ಇವರು ನನ್ನ ಜೊತೆ ಬೇಕಾದ್ದಕ್ಕೆ ಮಾತ್ರ ಬಾಯಿ ಬಿಟ್ಟಿದ್ದರು: ನೀರು, ಮಗ್ಗಲು, ಫ್ಯಾನು. ವಾಪಸು ಬರುವಾಗ ಡ್ರೈವರು ಚಹಾಕ್ಕೆ ಇಳಿದ. ವ್ಯಾನಿನಲ್ಲಿ ನಾವಿಬ್ಬರೇ.

"ಕಾಗದ ಓದಿದ್ದಿ," ಎಂದರು.

"ಓದಿದ್ದೆ."

"ನಮಗ ಹೇಳುಮುಂದ ಆ ಮಾತು ಬಿಟ್ಟಿ."

"ಬಿಟ್ಟೆ. ಪೂಜಿಗೆ ಅಂತ—"

"ಪೂಜಿ ಮ್ಯಾಲ ಹಾಕಬ್ಯಾಡ. ಪೂಜಿ ನಾ ಬಿಡು ಅಂದಿದ್ದೆ."

ಹೌದು, ಅಂದಿದ್ದರು. ಆಗ ನಾನು ನನಗೂ ಅಲ್ಲಿಯವರೆಗೆ ಹೇಳಿಕೊಳ್ಳದಿದ್ದುದನ್ನು ಹೇಳಿದೆ. ಕಾನ್ವೆಂಟಿನಲ್ಲಿ ದಿನಾ ಪ್ರಾರ್ಥನೆಗೆ ಮುಂಚೆ ಸಿಸ್ಟರ್ ನಮ್ಮ ಕೈಗಳನ್ನು ನೋಡುತ್ತಿದ್ದರು, ಬೆರಳು ನೇರ, ಅಂಗೈ ಚೊಕ್ಕಟ. ಮುದುಡಿದ ಬೆರಳನ್ನು ಅಡಿಕೋಲಿನಿಂದ ಮೆಲ್ಲಗೆ ತಟ್ಟಿ ಬಿಚ್ಚಿಸುತ್ತಿದ್ದರು. ಮನೆಗೆ ಬಂದವರೆಲ್ಲ ಇವರ ಮುದುಡಿದ ಕೈಯನ್ನು ಕಂಡು ಕಣ್ಣು ತಿರುಗಿಸಿಕೊಳ್ಳುವುದು ನನಗೆ ಕಾಣುತ್ತಿತ್ತು. ಸಂಡೂರಿನಿಂದ ನನ್ನ ತಂಗಿ ಬಂದಾಗ ಆ ಕೈಯ ಮೇಲೆ ನಾನೇ ಟವೆಲು ಮುಚ್ಚಿದ್ದೆ.

"ನಿಮ್ಮ ಕೈ ಹಂಗ ಮುದುಡಿದ್ದು ನೋಡಾಕ ಆಗ್ತಿರಲಿಲ್ಲ ನನಗ," ಎಂದೆ.

"ನೋಡಾದು ಎಲ್ಲಾರಿಗೂ ಇತ್ತು. ಹಿಡ್ಯಾದು ನನಗ ಒಬ್ಬವಗ ಇತ್ತು," ಎಂದರು. ಡ್ರೈವರು ಎರಡು ಲೋಟ ಚಹಾ ಹಿಡಿದು ಬಂದ. ನಾನು ಆರಿಸಿ ಕುಡಿಸಹೋದೆ. ಬ್ಯಾಡ ಎಂದರು.

ಆಪರೇಷನ್ ಆಯಿತು. ಮೂರು ವಾರ ಕೈ ಪಟ್ಟಿಯಲ್ಲಿತ್ತು. ಆಮೇಲೆ ದಿನವೂ ಗಂಟೆಗಟ್ಟಲೆ ಯಂತ್ರ ಹಾಕಿ, ಕೃಶವಾದ ಸ್ನಾಯುಗಳಿಗೆ ಬಲ ಬರಿಸಬೇಕಾಯಿತು. ಈಗ ಅವರ ಬಲ ಭುಜದ ಮೇಲೆ ಅದರ ಅಲುಗಾಟವನ್ನು ಯಂತ್ರಕ್ಕೆ ತಿಳಿಸುವ ಸಣ್ಣ ಸನ್ನೆಗೋಲೊಂದು ಅಂಟಿಕೊಂಡಿರುತ್ತದೆ. ಭುಜ ಮುಂದೆ ತಂದರೆ ಎಡಗೈ ಬಿಚ್ಚುತ್ತದೆ, ಹಿಂದಕ್ಕೆಳೆದರೆ ಮುಚ್ಚುತ್ತದೆ. ಒಳಗಿನ ಯಂತ್ರಕ್ಕೆ ಶಕ್ತಿ ಹೋಗಲು ಎದೆಯ ಮೇಲೆ ಒಂದು ತಂತಿಸುರುಳಿಯನ್ನು ಸರಿಯಾದ ಜಾಗದಲ್ಲಿ ಟೇಪಿನಿಂದ ಹಚ್ಚಬೇಕು. ಅದು ನನ್ನ ಕೆಲಸ. ಬೆರಳ ತುದಿಯಿಂದ ತಡಕಿ, ಚರ್ಮದ ಕೆಳಗಿನ ಗಟ್ಟಿ ಅಂಚನ್ನು ಹುಡುಕಿ ಹಚ್ಚುತ್ತೇನೆ. ಅವರು ಅಷ್ಟು ಹೊತ್ತು ಗೋಡೆ ನೋಡುತ್ತಾರೆ. ಅವರ ಭುಜಕ್ಕೂ ಬೆರಳಿಗೂ ಇನ್ನೂ ಪೂರ್ತಿ ಹೊಂದಾಣಿಕೆ ಬಂದಿಲ್ಲ. ಸೀನಿದರೆ ಕೈ ಬಿಚ್ಚಿ ಚಮಚ ಬೀಳುತ್ತದೆ. ಆದರೂ ತಾವೇ ಉಣ್ಣುತ್ತಾರೆ, ತಾವೇ ಹಲ್ಲುಜ್ಜುತ್ತಾರೆ, ಗಿರಣಿಯ ಕಾಗದಕ್ಕೆ ಸೊಟ್ಟ ಸಹಿ ಹಾಕುತ್ತಾರೆ.

ಅತ್ತೆಗೂ ಹೇಳಿದೆ. ಅವರಿಗೆ ಅದು ತಪ್ಪೆಂದು ಅನ್ನಿಸಲೇ ಇಲ್ಲ. "ಲಿಂಗಕ್ಕ ಅಂಗೈ ಬಿಡಸಿದ್ದು ತಪ್ಪು ಹೆಂಗಾಗ್ತದವಾ? ನೀ ಮೆತ್ತಗ ಇಟ್ಟಿದ್ದಕ್ಕಾ ಮಿಷಿನ್ ಹಿಡೀತು, ಡಾಕ್ಟ್ರಾ ಹೇಳ್ಯಾರ" ಎಂದರು. ಅದನ್ನೇ ಓಣಿಯಲ್ಲೂ ಹೇಳಿಕೊಂಡು ಬಂದರು. ಇವರು ಅಲ್ಲಗಳೆಯಲೂ ಇಲ್ಲ, ಹೌದೆನ್ನಲೂ ಇಲ್ಲ.

ಹೋದ ತಿಂಗಳು ಮರಿಯಮ್ಮನಹಳ್ಳಿಯಿಂದ ಒಬ್ಬ ಹೆಂಗಸು ತನ್ನ ಗಂಡನನ್ನು ಗಾಲಿ ಕುರ್ಚಿಯಲ್ಲಿ ಕರೆದುಕೊಂಡು ಬಂದಳು. ಆತ ಹುಣಸೆ ಮರದಿಂದ ಬಿದ್ದು ಎಂಟು ತಿಂಗಳಾಗಿತ್ತು. ಇವರು ಭುಜ ಆಡಿಸಿ ಕೈ ಬಿಚ್ಚಿ ಮುಚ್ಚಿ ತೋರಿಸಿದರು. ಅತ್ತೆ ಎಂದಿನಂತೆ ನನ್ನ ಸೇವೆಯ ಕಥೆ ಶುರುಮಾಡಿದರು. ನಾನು ಏಳಲು ಹೊರಟೆ.

"ಕುಂದ್ರು," ಎಂದರು ಇವರು. "ಅವ್ವ, ನೀ ಸುಮ್ನಿರು. ಏನು ಮಾಡ್ಯಾಳ ಅಂತ ಇಕಿನಾ ಹೇಳ್ತಾಳ."

ಆ ಹೆಂಗಸು ಮಾತಾಡುತ್ತಲೇ ಗಂಡನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ನೀವಿ ನೇರ ಮಾಡುತ್ತಿದ್ದುದು ಆಗ ನನಗೆ ಕಾಣಿಸಿತು. ಇವರಿಗೆ ಮೊದಲೇ ಕಂಡಿರಬೇಕು. ನಾನು ಹೇಳಿದೆ. ಕಾಗದ, ಬಿಟ್ಟ ವಾಕ್ಯ, ಮಣೆ, ಬ್ಯಾಂಡೇಜು, ಟವೆಲು, ಒಂದನ್ನೂ ಬಿಡಲಿಲ್ಲ. ಅವಳ ಕೈ ನಡುವೆಯೇ ನಿಂತಿತು. ಗಂಡನ ಬೆರಳುಗಳನ್ನು ಕೆಂಡ ಮುಟ್ಟಿದವಳಂತೆ ಬಿಟ್ಟು, ಮತ್ತೆ ಮೆಲ್ಲಗೆ ಮಡಚಿ ಇಟ್ಟಳು.

"ಗೊತ್ತಾದ ಮ್ಯಾಲ ಇವ್ರು ನಿಮಗ ಏನಂದ್ರಕ್ಕಾ?" ಎಂದು ಕೇಳಿದಳು.

ನಾನು ಇವರ ಕಡೆ ನೋಡಿದೆ. ಅವರು ಭುಜವನ್ನು ಹಿಂದಕ್ಕೆಳೆದು ಲೋಟ ಹಿಡಿಯುವುದರಲ್ಲಿದ್ದರು. ಹಿಡಿತ ಕೂತಿತು.

"ಇನ್ನಾ ಅಂದಿಲ್ಲವಾ," ಎಂದರು. "ಅಂದ್ಮ್ಯಾಲ ಮುಗದಾ ಹೋಗ್ತದಲ್ಲ."

ಅತ್ತೆ ನಕ್ಕರು, ಆ ಹೆಂಗಸೂ ನಕ್ಕಳು. ನಾನು ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡು, ಅವಳ ಗಂಡನ ಮಣಿಕಟ್ಟನ್ನು ಕೆಳಗೆ ಬಾಗಿಸಿ ಹಿಡಿದು, ಬೆರಳನ್ನು ಯಾವಾಗ ಬಿಡಿಸಬೇಕು, ಯಾವಾಗ ಮುಟ್ಟಲೇಬಾರದು ಎಂದು ತೋರಿಸಿದೆ. ಇವರು ಚಹಾ ಕುಡಿಯುತ್ತಾ ಕೇಳುತ್ತಿದ್ದರು. ಒಂದು ಕಡೆ ತಪ್ಪು ಹೇಳಿದೆ. ಅವರೇ ತಿದ್ದಿದರು.